ಮಾರನೇ ದಿನದ ಕ್ಯೂಬ್ ನೋಡಿ ಲಾರಿ ತುಂಬಬೇಡಿ

ಸಿಮೆಂಟಿನ ಬದಲು ರೆಸಿನ್ ಎಂಬ ಅಂಟು ಜಲ್ಲಿ, ಮರಳನ್ನು ಹಿಡಿದಿಡುವ ಪಾಲಿಮರ್ ಕಾಂಕ್ರೀಟಿನಲ್ಲಿ, ಸಿಮೆಂಟಿನವರ ಹಾಗೆ 28 ದಿನ ಕಾಯಬೇಕಿಲ್ಲ. ಇವತ್ತು ಅಚ್ಚಿಗೆ ಹಾಕಿದರೆ ನಾಳೆ ಇಷ್ಟೊತ್ತಿಗೆ ಬಲದ ಮುಕ್ಕಾಲು ಪಾಲು ಬಂದಿರುತ್ತದೆ. ನಮ್ಮ ಮ್ಯಾನೇಜ್‌ಮೆಂಟಿನವರನ್ನು ಕೆಡಿಸಿರುವುದೂ ಇದೇ. ಮಾದರಿಗೆ ಎರಕ ಹೊಯ್ದ ಕ್ಯೂಬನ್ನು ಒತ್ತಿ ಒಡೆದು ನೋಡಿದ ಮಾರನೇ ದಿನದ ರಿಪೋರ್ಟ್ ಚೆನ್ನಾಗಿದ್ದರೆ ಮಾಲು ಲಾರಿ ಹತ್ತಿತು ಅಂತಲೇ ಲೆಕ್ಕ. ವರ್ಷಗಟ್ಟಲೆ ನೆಲದಲ್ಲಿ ಕೂರಬೇಕಾದ ಚರಂಡಿ ಚಾನೆಲ್‌ಗೆ ಒಂದು ದಿನದ ಪರೀಕ್ಷೆ ಸಾಕಾ ಎಂದು ಕೇಳಿದರೆ, ಕ್ಯೂಸಿಯವರು, ಅಂದರೆ ಗುಣಮಟ್ಟ ನೋಡುವ ನಾವು, ಅಡ್ಡಗಾಲು ಹಾಕುತ್ತಾರೆ ಅನ್ನುತ್ತಾರೆ.

ನಾನಿರುವುದು ಮಂಡ್ಯ ಜಿಲ್ಲೆಯ ಒಂದು ಸಣ್ಣ ಘಟಕದಲ್ಲಿ. ಚರಂಡಿ ಚಾನೆಲ್, ಕಾಲುವೆ ಮೇಲೆ ಮುಚ್ಚುವ ಟ್ರೆಂಚ್ ಕವರ್ ಮಾಡುತ್ತೇವೆ. ರೆಸಿನ್ ರೇಟು ಏರಿದಾಗ ಎಲ್ಲರ ಕಣ್ಣು ಸಂದು ತುಂಬುವ ಪುಡಿ, ಅಂದರೆ ಫಿಲ್ಲರ್ ಮೇಲೆ ಬಿತ್ತು. ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ರಾಯಚೂರಿನಿಂದ ಬರಬೇಕು, ಬಾಡಿಗೆಯೇ ಜಾಸ್ತಿ. "ಸಕ್ಕರೆ ನಾಡಲ್ಲಿ ಕೂತು ಬೂದಿಗೆ ದುಡ್ಡು ಸುರಿಯೋದಾ?" ಎಂದರು ಮೀಟಿಂಗಿನಲ್ಲಿ. ಕಬ್ಬಿನ ಸಿಪ್ಪೆ ಸುಟ್ಟ ಬೂದಿ ತರೋಣ ಅನ್ನುವುದಕ್ಕೆ ನನ್ನ ಒಪ್ಪಿಗೆಯೂ ಇತ್ತು. ಅದರಲ್ಲಿ ಸಿಲಿಕಾ ಹೆಚ್ಚು. ನಾವು ಹಾಕುತ್ತಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಆಮ್ಲದ ನೀರಿಗೆ ಕರಗುತ್ತದೆ, ಸಿಲಿಕಾ ತಡೆಯುತ್ತದೆ.

ಆದರೆ ಬಂದ ಬೂದಿ ಒದ್ದೆ. ಬಾಯ್ಲರ್ ಹೊಗೆಯನ್ನು ನೀರಿನಲ್ಲಿ ತೊಳೆದು ಹಿಡಿದದ್ದು. ಅದರೊಳಗೆ ಅರೆಬರೆ ಸುಟ್ಟ ಕಪ್ಪು ನಾರು ಬೇರೆ. ಜಲ್ಲಿ, ಮರಳು, ಫಿಲ್ಲರ್ ಯಾವುದರಲ್ಲೂ ತೇವ 0.5 ಪ್ರತಿಶತ ದಾಟಬಾರದು, ದಾಟಿದರೆ ರೆಸಿನ್ ಕಲ್ಲನ್ನು ಹಿಡಿಯುವುದಿಲ್ಲ. ಇದ್ದ ಒಂದು ಓವನ್‌ನಲ್ಲಿ ಒಣಗಿಸಿದೆವು. ನಾರನ್ನು ಜರಡಿ ಹಿಡಿಯಲು, ಪುಡಿ ಮಾಡಿಸಲು ಸಮಯ ಕೊಡಲಿಲ್ಲ.

ಮಿಕ್ಸರ್ ನೋಡುವ ಅಣ್ಣನೇ ಮೊದಲು ಹೇಳಿದ್ದು: "ಮೇಡಮ್, ಇದು ರೆಸಿನ್ ಕುಡೀತಾ ಐತೆ." ನಿಜ. ಅರೆಬರೆ ಸುಟ್ಟ ಆ ನಾರು ಇದ್ದಿಲಿನ ಹಾಗೆ, ಅದರ ತುಂಬ ಸಣ್ಣ ಸಣ್ಣ ತೂತು. ಹಾರುಬೂದಿಯ ಕಣ ಸಾಸಿವೆಯ ಹಾಗೆ ಉರುಟು, ಉರುಳುತ್ತದೆ, ಇದು ಹೀರುತ್ತದೆ. ಮಿಕ್ಸ್ ಒಣಗಿದಂತೆ ಕಂಡಿತು. ಮೇಲಿನವರು ಇನ್ನಷ್ಟು ರೆಸಿನ್ ಹಾಕಿಸಿದರು. ಉಳಿಸಲು ಹೊರಟ ದುಡ್ಡು ಅಲ್ಲೇ ಹೋಯಿತು. ರೆಸಿನ್ ಹೆಚ್ಚಾದಷ್ಟೂ ಕುಗ್ಗುವಿಕೆಯೂ ಹೆಚ್ಚು ಎಂದು ನಾನು ಹೇಳುತ್ತಿರುವಾಗಲೇ ಮಾರನೇ ದಿನದ ಕ್ಯೂಬ್‌ಗಳು ಚೆನ್ನಾಗಿ ಬಂದವು. ನನ್ನ ಮಾತು ಅಲ್ಲಿಗೆ ನಿಂತಿತು.

ಹಾಗಿದ್ದರೂ ಅದೇ ಬ್ಯಾಚಿನ ಕೆಲವು ಕ್ಯೂಬ್‌ಗಳನ್ನು ನೀರಿನ ತೊಟ್ಟಿಗೆ ಹಾಕಿ, ಪಕ್ಕದಲ್ಲೇ ಹಾರುಬೂದಿಯ ಕ್ಯೂಬ್‌ಗಳನ್ನೂ ಇಟ್ಟಿದ್ದೆ. ತಿಂಗಳುಗಳು ಕಳೆದ ಮೇಲೆ ಗ್ರಾಹಕರ ಕಡೆಯ ಎಂಜಿನಿಯರ್ ಬಂದರು. ರಿಪೋರ್ಟ್ ಫೈಲ್ ತಿರುವಿ ಹಾಕಿ, "ಹಳೇ ಕ್ಯೂಬ್ ಏನಾದ್ರೂ ಇದೆಯೇನ್ರೀ?" ಎಂದರು. ಮ್ಯಾನೇಜರ್ ನನ್ನ ಮುಖ ನೋಡಿದರು. ಇಲ್ಲ ಅನ್ನಲಿ ಎಂಬುದು ಆ ನೋಟದಲ್ಲೇ ಇತ್ತು. ಇದೆ ಸರ್ ಎಂದೆ.

ಮೊದಲು ಹಾರುಬೂದಿಯದು. ಕ್ಯೂಬನ್ನು ಒತ್ತಿ ಒಡೆಯುವ ಯಂತ್ರದ (ಸಿಟಿಎಂ) ಮುಳ್ಳು ಏರುತ್ತಲೇ ಹೋಯಿತು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ, ಪಂಪಿನ ಸದ್ದು ಮಾತ್ರ. ಹಳೆಯ ಅಂಕಿಯ ಹತ್ತಿರ ಹೋಗಿ ಪಟಾರ್ ಎಂದು ಒಡೆಯಿತು. ಆಮೇಲೆ ಕಬ್ಬಿನ ಬೂದಿಯದು. ಮುಳ್ಳು ಅರ್ಧ ದಾರಿಯಲ್ಲಿ ತಡವರಿಸಿತು. ಭಾರ ಏರಿಸುವ ವೇಗ ಸರಿಯಿದೆಯಾ ಎಂದು ಆಪರೇಟರ್ ಇನ್ನೊಮ್ಮೆ ನೋಡಿದ. ಸರಿಯಿತ್ತು. ಸದ್ದೇ ಮಾಡದೆ ಕ್ಯೂಬಿನ ಅಂಚು ಉದುರಿತು. ಇನ್ನೊಂದು ಇಟ್ಟೆವು, ಅದೂ ಹಾಗೇ.

ಎಂಜಿನಿಯರ್ ಅಂಕಿಗಿಂತ ಒಡೆದ ಮೈಯನ್ನು ಹೆಚ್ಚು ಹೊತ್ತು ನೋಡಿದರು. ಹಾರುಬೂದಿಯದರಲ್ಲಿ ಬಿರುಕು ಜಲ್ಲಿಯನ್ನೇ ಸೀಳಿಕೊಂಡು ಹೋಗಿತ್ತು. ಇದರಲ್ಲಿ ಜಲ್ಲಿ ಇಡಿಯಾಗಿ ಕಿತ್ತುಬಂದಿತ್ತು, ಸುತ್ತ ಕಪ್ಪು ಚುಕ್ಕಿ. ನೀರು ಒಳಗೆ ಇಳಿದು ರೆಸಿನ್ ಮತ್ತು ಕಲ್ಲಿನ ಹಿಡಿತವನ್ನು ಬಿಡಿಸಿತ್ತು. ಒಂದು ದಿನದಲ್ಲಿ ಅದು ಗೊತ್ತಾಗುವುದಿಲ್ಲ.

ಕಬ್ಬಿನ ಬೂದಿಯನ್ನು ನಾವು ಬಿಟ್ಟಿಲ್ಲ, ಬಿಡಲೂಬಾರದು. ಈಗ ಮತ್ತೆ ಸುಟ್ಟು, ಜರಡಿ ಹಿಡಿದು, ಅರೆಸಿ ತರುತ್ತೇವೆ. ಹಾರುಬೂದಿಗೆ ಭಾರತೀಯ ಮಾನಕ ಐಎಸ್ 3812 ಹೇಳುವ 5 ಪ್ರತಿಶತದ ಉರಿನಷ್ಟದ (ಮತ್ತೆ ಸುಟ್ಟಾಗ ತೂಕದಲ್ಲಿ ಕಳೆಯುವ ಪಾಲು) ಮಿತಿಯನ್ನೇ ಇದಕ್ಕೂ ಹಿಡಿದಿದ್ದೇವೆ. ಪ್ರತಿ ಬ್ಯಾಚಿನ ಕ್ಯೂಬ್ ತೊಟ್ಟಿಗೆ ಹೋಗುತ್ತದೆ.

ಉಳಿದಿರುವುದು ಕ್ರೀಪ್, ಅಂದರೆ ಭಾರದಡಿ ನಿಧಾನವಾಗಿ ಆಕಾರ ಬಿಡುವುದು. ಬೇಸಿಗೆ ಬಿಸಿಲಿಗೆ ನಮ್ಮ ಪಾಲಿಯೆಸ್ಟರ್ ರೆಸಿನ್ ಮೆತ್ತಗಾದಷ್ಟೂ, ಮೇಲೆ ನಿಂತ ಭಾರಕ್ಕೆ ಕವರ್ ನಿಧಾನವಾಗಿ ಬಾಗುತ್ತದೆ. ತುಂಡುಗಳನ್ನು ತಿಂಗಳುಗಟ್ಟಲೆ ಭಾರದಡಿ ಇಡುವ ಫ್ರೇಮಿಗೆ ಹಾಕಿದ ಇಂಡೆಂಟ್ (ಬೇಡಿಕೆ ಪತ್ರ) ಪರ್ಚೇಸ್ ವಿಭಾಗದಲ್ಲಿ ಕೊಳೆಯುತ್ತಿದೆ. ಅದು ಬರುವ ತನಕ ಈ ಬೂದಿಯ ಮಿಕ್ಸನ್ನು ಚಾನೆಲ್‌ಗೆ ಮಾತ್ರ ಬಿಡುತ್ತೇನೆ, ಟ್ರೆಂಚ್ ಕವರ್‌ಗೆ ಸಹಿ ಹಾಕುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ.