ಝಂಡಾ, ಬಾವುಟ, ತಿರಂಗಾ: ಠರಾವಿನಲ್ಲಿ ಯಾವುದು ಬರೀಬೇಕು?

ರಾಯಚೂರು ಕಡೆ ಹಳ್ಳಿಯಲ್ಲಿ ಆಗಸ್ಟ್ 15ರ ಬೆಳಿಗ್ಗೆ ‘ಝಂಡಾ ಏರ್ಸಾಕ ಹೊಂಟೀವಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅದೇ ಮಾತು ಗ್ರಾಮ ಪಂಚಾಯಿತಿ ಠರಾವಿಗೋ ಖಾದಿ ಭಂಡಾರಕ್ಕೆ ಕೊಡುವ ಪತ್ರಕ್ಕೋ ಬಂದಾಗ ತೊಡಕು ಶುರು. ಯಾವ ಝಂಡಾ?

ಕಾನೂನಿನಲ್ಲಿರುವ ಹೆಸರು ಒಂದೇ: ಭಾರತದ ರಾಷ್ಟ್ರಧ್ವಜ. 2002ರ ಧ್ವಜ ಸಂಹಿತೆಯಲ್ಲಿ ‘ತ್ರಿವರ್ಣ’ ಅನ್ನೋದು ಅದರ ರೂಪದ ವಿವರಣೆ. ಮೂರು ಬಣ್ಣದ ಧ್ವಜ ಇಟಲಿಗೂ ಇದೆ, ಐರ್ಲೆಂಡಿಗೂ ಇದೆ. ನೈಜರ್ ದೇಶದ್ದಂತೂ ಕಿತ್ತಳೆ, ಬಿಳಿ, ಹಸಿರು, ನಡುವೆ ಒಂದು ದುಂಡು. 1931ರ ಚರಕದ ಧ್ವಜವೂ ತ್ರಿವರ್ಣವೇ. ಚರಕದ ಜಾಗಕ್ಕೆ ಚಕ್ರ ಬಂದ ಈಗಿನ ರೂಪವನ್ನು ಸಂವಿಧಾನ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಭಾಷಣದಲ್ಲಿ ತಿರಂಗಾ ಅನ್ನಿ, ಚೆಂದ ಕೇಳುತ್ತದೆ. ಕಾಗದದಲ್ಲಿ ರಾಷ್ಟ್ರಧ್ವಜ ಅಂತಲೇ ಇರಲಿ.

ನಮ್ಮ ಭಾಗದಲ್ಲಿ ಈ ವ್ಯತ್ಯಾಸಕ್ಕೆ ತೂಕ ಜಾಸ್ತಿ. 1947ರ ಆಗಸ್ಟ್ 15ಕ್ಕೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸ್ವಾತಂತ್ರ್ಯ ಅಂದೇ ಬಂತು. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ಅಲ್ಲಿಗೆ ಬರಲು 1948ರ ಸೆಪ್ಟೆಂಬರ್ 17 ಆಗಬೇಕಾಯಿತು. ಆ ಹದಿಮೂರು ತಿಂಗಳು ‘ಸರ್ಕಾರಿ ಝಂಡಾ’ ಅಂದರೆ ನಿಜಾಮರ ಹಳದಿ ಝಂಡಾ. ಬಾವುಟವೂ ಹಾಗೆಯೇ, ಯಾವುದಕ್ಕೂ ಸಲ್ಲುವ ಪದ. ಪಕ್ಕದ ನಾಯಕನಹಟ್ಟಿ ಜಾತ್ರೆಯಲ್ಲಿ ಹರಾಜಾಗುವುದೂ ‘ಮುಕ್ತಿ ಬಾವುಟ’ವೇ.

ನವೆಂಬರ್ 1ರ ಹಳದಿ-ಕೆಂಪಿನದಕ್ಕೆ ಕನ್ನಡ ಬಾವುಟ ಅನ್ನುತ್ತೇವೆ, ನಾಡಧ್ವಜ ಅಂತಲೂ ಬರೆಯುತ್ತೇವೆ. ಅದನ್ನು ‘ನಮ್ಮ ರಾಷ್ಟ್ರಧ್ವಜ’ ಅಂತ ಬ್ಯಾನರ್‌ನಲ್ಲಿ ಬರೆಸಬೇಡಿ. ಎರಡನ್ನೂ ಒಂದೇ ಕಂಬಕ್ಕೆ ಕಟ್ಟುವಂತಿಲ್ಲ. ಕನ್ನಡ ಬಾವುಟಕ್ಕೆ ಬೇರೆ ಕಂಬ, ಅದೂ ತಗ್ಗಿನದು.

ಇನ್ನು ಕಾಗುಣಿತ. ‘ದ್ವಜಾರೋಹಣ’ ಅಂತ ಅಚ್ಚಾದ ಫ್ಲೆಕ್ಸ್ ಪ್ರತಿ ವರ್ಷ ಕಾಣುತ್ತವೆ. ಮಹಾಪ್ರಾಣ ಹೊಟ್ಟೆ ಸೀಳದೆ ಧ್ವಜ ಆಗದು. ಸ್ತಂಭಕ್ಕೂ ಅಷ್ಟೇ. ‘ಧ್ವಜಾರೋಹಣ ಹಾರಿಸಿದರು’ ಅನ್ನೋದೂ ತಪ್ಪು, ಹಾರುವುದು ಧ್ವಜ, ಆರೋಹಣವಲ್ಲ. ಧ್ವಜಾರೋಹಣ ಮಾಡಿದರು ಅಥವಾ ಧ್ವಜ ಹಾರಿಸಿದರು, ಒಂದನ್ನು ಆರಿಸಿಕೊಳ್ಳಿ. ಸಂಜೆ ಇಳಿಸುವುದು ಅವರೋಹಣ. ಜನವರಿ 26ಕ್ಕೆ ‘ಅನಾವರಣ’ ಅನ್ನಬೇಕು ಅಂತ ವಾಟ್ಸಾಪ್ ತಿರುಗುತ್ತದೆ. ದಿಲ್ಲಿಯಲ್ಲಿ ಅಂದು ಧ್ವಜವನ್ನು ಮೊದಲೇ ಮೇಲೆ ಕಟ್ಟಿಟ್ಟು ಬಿಚ್ಚುವುದು ನಿಜ. ನಮ್ಮ ಆಮಂತ್ರಣಗಳಲ್ಲಿ ಎರಡೂ ದಿನ ಧ್ವಜಾರೋಹಣ ಅಂತಲೇ ಬರುತ್ತದೆ, ಬರಲಿ ಬಿಡಿ.

ಕೊಳ್ಳುವಾಗ ಹೆಸರಿನ ಜೊತೆ ಅಳತೆಯನ್ನೂ ಬರೆಯಿರಿ. ‘ಒಂದು ತಿರಂಗಾ ಕೊಡಿ’ ಅಂದರೆ ಅಂಗಡಿಯವರು ಕೈಗೆ ಸಿಕ್ಕ ಪಾಲಿಯೆಸ್ಟರ್ ಕೊಡುತ್ತಾರೆ. 2021ರ ಡಿಸೆಂಬರ್ ತಿದ್ದುಪಡಿಯಿಂದ ಅದೂ ಸಲ್ಲುತ್ತದೆ, ಆದರೆ ಖಾದಿ ಬೇಕಿದ್ದರೆ ಖಾದಿ ಅಂತಲೇ ಕೇಳಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ನಮಗೆ ಹತ್ತಿರದ್ದು. ಉದ್ದ-ಅಗಲ 3:2 ಇರಲೇಬೇಕು. ಶಾಲೆಯ ಕಂಬಕ್ಕೆ 900×600 ಮಿಲಿಮೀಟರಿನದು, ಇನ್ನೂ ಎತ್ತರದ್ದಿದ್ದರೆ 1350×900. ಮೊದಲನೆಯದರ ಚಕ್ರ 185 ಮಿಲಿಮೀಟರ್ ಅಡ್ಡಳತೆ, ಎರಡನೆಯದರದು 280. ಅಂಗಡಿಯಲ್ಲೇ ಬಿಡಿಸಿ ಅರೆಗಳನ್ನು ಎಣಿಸಿ: 24, ಬಣ್ಣ ಕಡುನೀಲಿ. ಹಿಂಬದಿಯಲ್ಲೂ ಚಕ್ರ ಇರಬೇಕು, ಎರಡೂ ನಡುಮಧ್ಯಕ್ಕೆ ಕೂಡಬೇಕು. ಅಗ್ಗದವುಗಳಲ್ಲಿ ತಪ್ಪುವುದು ಇದೇ.

ಕಟ್ಟುವಾಗ ಎರಡು ಎಡವಟ್ಟು ಆಗುತ್ತವೆ. ಒಂದು, ಧ್ವಜ ತಲೆಕೆಳಗಾಗುವುದು. ರಾಟೆಯ ಮೇಲೆ ಹಾದ ಹಗ್ಗಕ್ಕೆ ಎರಡು ತುದಿ. ಒಂದನ್ನು ಎಳೆದು ನೋಡಿ. ಯಾವುದು ಮೇಲೇರುತ್ತದೋ ಅದು ಕೇಸರಿ ಕಡೆಯ ಕುಣಿಕೆಗೆ, ಇನ್ನೊಂದು ಹಸಿರಿನ ಕಡೆಗೆ. ಕಟ್ಟಿದ ಮೇಲೆ ಮಡಿಚುವ ಮೊದಲೇ ಮಾರುದ್ದ ಏರಿಸಿ, ಕೇಸರಿ ಮೇಲಿದೆಯೇ ಅಂತ ಕಣ್ಣಾರೆ ನೋಡಿ ಇಳಿಸಿ.

ಇನ್ನೊಂದು, ಗಂಟು ಬಿಚ್ಚದಿರುವುದು. ಒಳಗೆ ಹೂವಿನ ಪಕಳೆ ಇಡಲು ಸಂಹಿತೆಯ ಅಡ್ಡಿಯಿಲ್ಲ, ಆದರೆ ಹಿಡಿಯಷ್ಟು ಸಾಕು. ಇಡೀ ಚೆಂಡುಹೂ ತುಂಬಿದರೆ ಉಂಡೆ ಉಬ್ಬಿ, ಬಿಗಿಯಾಗಿ ಕಟ್ಟಬೇಕಾಗುತ್ತದೆ, ಜಾರುಗಂಟು ಕಗ್ಗಂಟಾಗುತ್ತದೆ. ನೂಲಿನ ಹಗ್ಗ ರಾತ್ರಿ ಮಳೆಗೆ ನೆನೆದರಂತೂ ಮುಗೀತು. ಒಂದೇ ಸುತ್ತು, ಒಂದೇ ಜಾರು, ಸಡಿಲು ತುದಿ ಗೇಣುದ್ದ ಹೊರಗೆ. ಅತಿಥಿ ಬರುವ ಮೊದಲು ಕೈಯೆತ್ತರದಲ್ಲೇ ಒಮ್ಮೆ ಎಳೆದು ಬಿಚ್ಚಿ ನೋಡಿ, ಮತ್ತೆ ಕಟ್ಟಿ.