ಎಣಿಕೆ ಟೇಬಲ್ಲಿಗೆ ಹೋಗುವ ಮುನ್ನ 17-ಸಿ ಕೈಯಲ್ಲಿರಲಿ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 2018ರ ವಿಧಾನಸಭಾ ಚುನಾವಣೆ ತೀರ್ಮಾನವಾಗಿದ್ದು ಬರೀ 213 ಮತಗಳಲ್ಲಿ. ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಗೆದ್ದರು, ಬಿಜೆಪಿಯ ಬಸನಗೌಡ ತುರ್ವಿಹಾಳ ಸೋತರು. ಅದೇ ಇಬ್ಬರು 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಪಕ್ಷ ಅದಲುಬದಲಾಗಿ ನಿಂತಾಗ ಅಂತರ 30 ಸಾವಿರ ದಾಟಿತು. ಅಂಥ ಎಣಿಕೆಗೆ ಅಭ್ಯರ್ಥಿಯ ಪರ ಕೂರುವ ಏಜೆಂಟ್ ನಿದ್ದೆ ಹೊಡೆದರೂ ನಡೆಯುತ್ತದೆ. 213 ಬಂದಾಗ ಹಾಗಲ್ಲ. ಒಂದೇ ಒಂದು ಬೂತಿನ ಮೆಷಿನ್ ಪಕ್ಕಕ್ಕಿಟ್ಟರೂ ಇಡೀ ಕ್ಷೇತ್ರದ ಫಲಿತಾಂಶ ಅದಕ್ಕೆ ಕಾಯಬೇಕು. ಅದಕ್ಕೇ ಏಜೆಂಟನ ಕೈಯಲ್ಲಿ 17-ಸಿ ಬೇಕು, ಅಂದರೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ನಮೂನೆ.

ರಾಯಚೂರು, ಕೊಪ್ಪಳದ ಕಡೆ ಏಜೆಂಟರನ್ನು ಆರಿಸುವ ರೀತಿಯೇ ಬೇರೆ. ಚುನಾವಣೆಗೆ ಮುಂಚೆ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡಿಸಿ, ಟೀ ಶರ್ಟು ಹಂಚಿ, ಅದೇ ಹುಡುಗರಲ್ಲಿ ಜೋರು ಬಾಯಿದ್ದವರನ್ನು ಬೂತಿಗೆ ಕೂರಿಸುತ್ತಾರೆ. ಆರಿಸುವುದಿದ್ದರೆ ಓಪನಿಂಗ್ ಬ್ಯಾಟ್ಸ್‌ಮನ್‌ನನ್ನು ಬಿಡಿ, ಸ್ಕೋರ್ ಬರೆಯುವವನನ್ನು ಹಿಡಿಯಿರಿ. ಓವರ್ ಮುಗಿದಾಗ ಎದುರು ಟೀಮಿನವನ ಪುಸ್ತಕದ ಜೊತೆ ತನ್ನದನ್ನು ತಾಳೆ ನೋಡುವ ಹುಡುಗನಿಗೆ ಈ ಕೆಲಸ ಅರ್ಧ ಗೊತ್ತಿರುತ್ತದೆ. ಇನ್ನೊಂದು ಎಚ್ಚರ: ಸರ್ಕಾರಿ ನೌಕರರನ್ನು ಏಜೆಂಟ್ ಮಾಡಬೇಡಿ. "ನಮ್ಮ ಮಾಸ್ತರು ಲೆಕ್ಕದಾಗ ಶಾಣ್ಯಾ ಅದಾರ್ರಿ" ಅಂತ ಸರ್ಕಾರಿ ಶಾಲೆಯವರ ಹೆಸರು ಕೊಟ್ಟರೆ ಅವರಿಗೆ ಮೂರು ತಿಂಗಳವರೆಗೂ ಜೈಲು ಶಿಕ್ಷೆ ಆಗಬಹುದು. ಪ್ರಜಾಪ್ರತಿನಿಧಿ ಕಾಯ್ದೆಯ 134-ಎ ಕಲಂ ಇರುವುದೇ ಇದಕ್ಕೆ.

ಎಣಿಕೆ ದಿನ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು ಅಂತ ಬಹಳ ಜನ ತಿಳಿದಿದ್ದಾರೆ. ಅಸಲು ಕೆಲಸ ಶುರುವಾಗುವುದು ಮತದಾನದ ದಿನ ನಸುಕಿನಲ್ಲಿ. ಏಳಕ್ಕೆ ಮತದಾನವಿದ್ದರೆ ಐದೂವರೆಗೆ ಮೆಷಿನ್ ಪರೀಕ್ಷಿಸಲು ಅಣಕು ಮತದಾನ. ಏಜೆಂಟರು ಬರಲಿಲ್ಲವೆಂದರೆ ಮತಗಟ್ಟೆ ಅಧಿಕಾರಿ ಹದಿನೈದು ನಿಮಿಷ ಕಾಯುತ್ತಾರೆ, ಆಮೇಲೆ ತಾವೇ ಶುರು ಮಾಡುತ್ತಾರೆ. ಆ ಹೊತ್ತಿಗೆ ನಿಮ್ಮವ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದರೆ ಕೇಳುವವರೇ ಇರುವುದಿಲ್ಲ. ನೋಟಾ ಸೇರಿ ಎಲ್ಲ ಬಟನ್ನಿಗೂ ಹಾಕಿ, ಒಟ್ಟು ಕನಿಷ್ಠ 50 ಮತ ಆಗಬೇಕು. ನಂತರ ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್‌ನಲ್ಲಿ ಕ್ಲೋಸ್, ರಿಸಲ್ಟ್, ಕ್ಲಿಯರ್, ಈ ಕ್ರಮದಲ್ಲೇ ಒತ್ತಬೇಕು. ಕ್ಲಿಯರ್ ಆದ ಮೇಲೆ ಟೋಟಲ್ ಒತ್ತಿಸಿ ಸೊನ್ನೆ ಬಂದಿದ್ದನ್ನು ಕಣ್ಣಾರೆ ನೋಡಿ. ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಡಬ್ಬಿಯೊಳಗಿನ ಅಣಕು ಚೀಟಿಗಳನ್ನೂ ತೆಗೆಸಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡುವವರೆಗೆ ಅಲ್ಲಿಂದ ಏಳಬೇಡಿ.

ಸಂಜೆ ಆರಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಸಿಗುತ್ತದೆ, ಕಟ್ಟಕಡೆಯವರಿಂದ ಹಂಚುತ್ತ ಮುಂದೆ ಬರುತ್ತಾರೆ. ಕೊನೆಯ ಮತ ಬಿದ್ದು ಕ್ಲೋಸ್ ಒತ್ತಿದ ಮೇಲೆ ಅಧಿಕಾರಿ 17-ಸಿ ಭಾಗ ಒಂದನ್ನು ತುಂಬುತ್ತಾರೆ. ಸಹಿ ಮಾಡಿದ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಡಬೇಕು ಎನ್ನುವುದು ನಿಯಮ. ಏಜೆಂಟರು ಎಡವುವುದು ಇಲ್ಲೇ ಹೆಚ್ಚು. ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಹನ್ನೆರಡು ತಾಸು ಕೂತವನಿಗೆ ಮನೆ ಸೇರಿದರೆ ಸಾಕಾಗಿರುತ್ತದೆ. ಸಿಬ್ಬಂದಿಗೂ ಬಸ್ಸು ಹತ್ತುವ ಅವಸರ.

ಆ ಹಾಳೆಯಲ್ಲಿ ನೋಡಬೇಕಾದ್ದು ಮೂರೇ. ಒಂದು, ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್‌ಗಳ ನಂಬರು. ಎರಡು, ಹಸಿರು ಪೇಪರ್ ಸೀಲಿನ ಕ್ರಮಸಂಖ್ಯೆ. ಮೂರು, ಮತಗಳ ಲೆಕ್ಕ. 17-ಎ ರಿಜಿಸ್ಟರಿನಲ್ಲಿ 742 ಜನ ಸಹಿ ಮಾಡಿ, ಅದರಲ್ಲಿ ಇಬ್ಬರು ಸಹಿಯಾದ ಮೇಲೆ ಮತ ಹಾಕಲ್ಲ ಅಂತ ಹೊರಟಿದ್ದರೆ ಮೆಷಿನ್ 740 ತೋರಿಸಬೇಕು. 790 ತೋರಿಸಿದರೆ ಮೊದಲು ಅನುಮಾನಿಸಬೇಕಾದ್ದು ಬೆಳಿಗ್ಗಿನ ಅಣಕು ಮತಗಳನ್ನು, ಸರಿಯಾಗಿ 50ರ ವ್ಯತ್ಯಾಸ ಬಂದರೆ ಕ್ಲಿಯರ್ ಒತ್ತಿಲ್ಲ ಅಂತಲೇ ಲೆಕ್ಕ. ಒಂದೆರಡರ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಸಹಿ ಹಾಕಿ ಬಟನ್ ಒತ್ತದೆ ಹೋದವರನ್ನು ಬರೆದುಕೊಂಡಿರುವುದಿಲ್ಲ. ಯಾವುದೇ ಇರಲಿ, ಅಲ್ಲೇ, ಆಗಲೇ ಕೇಳಿ.

ಎಣಿಕೆ ಏಜೆಂಟರ ಅರ್ಜಿ ನಮೂನೆ 18ರಲ್ಲಿ, ಫೋಟೋ ಸಮೇತ, ಎಣಿಕೆಗೆ ಮೂರು ದಿನ ಮೊದಲು ಸಂಜೆ ಐದರೊಳಗೆ ಚುನಾವಣಾಧಿಕಾರಿಗೆ ತಲುಪಬೇಕು. ಶಾಸಕರು, ಸಂಸದರು, ಮಂತ್ರಿಗಳು ಕೂರುವಂತಿಲ್ಲ. ಮೊಬೈಲ್ ಗೇಟಿನಲ್ಲೇ ಬಿಡಬೇಕು. ಪೆನ್ನು, ಬಿಳಿ ಹಾಳೆ, 17-ಸಿ ಪ್ರತಿ, ಇಷ್ಟು ಸಾಕು. ಹಿಂದಿನ ರಾತ್ರಿಯೇ ಹಾಳೆಯಲ್ಲಿ ಮನೆ ಹಾಕಿಟ್ಟುಕೊಳ್ಳಿ, ಅಭ್ಯರ್ಥಿಗಳ ಹೆಸರು ಬ್ಯಾಲೆಟ್‌ನ ಕ್ರಮದಲ್ಲೇ ಇರಲಿ. ನಮ್ಮ ಸಾಹೇಬರ ಹೆಸರು ಮೇಲೆ ಬರೆಯೋಣ ಅಂತ ಹೋದರೆ ಡಿಸ್‌ಪ್ಲೇ ಓಡುವಾಗ ಕೈ ತಪ್ಪುತ್ತದೆ.

ಸಾಮಾನ್ಯವಾಗಿ ಒಂದು ಹಾಲಿನಲ್ಲಿ 14 ಟೇಬಲ್, 14 ಮೆಷಿನ್ ಮುಗಿದರೆ ಒಂದು ಸುತ್ತು. ಮೆಷಿನ್ ಟೇಬಲ್ಲಿಗೆ ಬಂದ ಕೂಡಲೇ ನಂಬರು, ಸೀಲು ತೋರಿಸುತ್ತಾರೆ. ಜಾಲರಿಯ ಆಚೆಯಿಂದ ಓದಲು ಆಗದಿದ್ದರೆ "ಸರ್, ಇನ್ನೊಮ್ಮೆ ಈ ಕಡೆ ತಿರುಗಿಸ್ರಿ" ಅನ್ನಿ, ಸಂಕೋಚ ಬೇಡ. ಮೊದಲು ಒಟ್ಟು ಮತ ನಿಮ್ಮ 17-ಸಿ ಜೊತೆ ತಾಳೆ ಆಗಬೇಕು, ಆಮೇಲೆ ರಿಸಲ್ಟ್. ಅಂಕಿ ತಪ್ಪಿಹೋದರೆ ರಿಸಲ್ಟ್ ಮತ್ತೆ ಒತ್ತಿಸಬಹುದು, ಅದರಿಂದ ಮತ ಏನೂ ಅಳಿಯುವುದಿಲ್ಲ. ಎಣಿಕೆಯ ಫಲಿತಾಂಶ ಬರೆಯುವ 17-ಸಿ ಭಾಗ ಎರಡಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಹಾಳೆಯನ್ನೊಮ್ಮೆ ನೋಡಿ. 187 ಇದ್ದದ್ದು 178 ಆಗುವುದು ದುರುದ್ದೇಶದಿಂದಲೇ ಅಂತಲ್ಲ, ಹತ್ತನೇ ಸುತ್ತಿನ ಹೊತ್ತಿಗೆ ಎಲ್ಲರ ಕಣ್ಣೂ ಸೋತಿರುತ್ತವೆ.

ಲೆಕ್ಕ ತಾಳೆಯಾಗದ, ಅಣಕು ಮತ ಅಳಿಸದ ಮೆಷಿನ್‌ಗಳನ್ನು ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ಆ ಬೂತುಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಮೊದಲು ಅವನ್ನು ಮುಟ್ಟುತ್ತಿರಲಿಲ್ಲ, 2025ರಿಂದ ಅಂಥ ಬೂತುಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ಇದಲ್ಲದೆ 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿದ ಐದು ಬೂತುಗಳ ಚೀಟಿಗಳ ಎಣಿಕೆ ಕಡ್ಡಾಯ. ಮೆಷಿನ್ನಿಗೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ. ಹೊರಗೆ ಟಿವಿ ನೋಡಿ ಪಟಾಕಿ ಹೊಡೆಯುವವರು ಹೊಡೆಯಲಿ, ಒಳಗಿನವರು ಐಪಿಎಲ್ ಸ್ಕೋರ್ ಕೇಳಿದಂತೆ ಪಕ್ಕದ ಟೇಬಲ್ಲಿನ ಲೀಡ್ ಕೇಳುತ್ತ ಓಡಾಡಬಾರದು.

ಅಂಚೆ ಮತಗಳ ಟೇಬಲ್ಲಿಗೆ ಓದು ಬಂದ, ತಾಳ್ಮೆ ಇರುವವರನ್ನೇ ಹಾಕಿ. ಮತದಾರ ಅಂಚೆ ಮತದ ಜೊತೆ ಕಳಿಸುವ 13-ಎ ಘೋಷಣೆಯಲ್ಲಿ ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ ಒಳಗಿನ ಲಕೋಟೆ ಒಡೆಯದೆಯೇ ಮತ ತಿರಸ್ಕೃತ. ಗೆಲುವಿನ ಅಂತರ ಹೀಗೆ ತಿರಸ್ಕೃತವಾದ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಘೋಷಣೆಗೆ ಮೊದಲು ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕು. 2023ರಲ್ಲಿ ಜಯನಗರದ ಫಲಿತಾಂಶ 16 ಮತಗಳಲ್ಲಿ ನಿಂತಿತ್ತು, 2004ರಲ್ಲಿ ಸಂತೇಮರಹಳ್ಳಿಯದ್ದು ಒಂದೇ ಒಂದು ಮತದಲ್ಲಿ. ಆದ್ದರಿಂದ ತಿರಸ್ಕೃತ ಮತ ಎಷ್ಟು, ಪ್ರತಿಯೊಂದಕ್ಕೂ ಕಾರಣ ಏನು ಅಂತ ನಿಮ್ಮ ಹಾಳೆಯಲ್ಲಿರಬೇಕು.

ಮರುಎಣಿಕೆ ಕೇಳಲು ಸಿಗುವ ಸಮಯ ಬಹಳ ಸಣ್ಣದು. ಚುನಾವಣಾಧಿಕಾರಿ ಒಟ್ಟು ಮತಗಳನ್ನು ಓದಿ, ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ಕ್ಕೆ ಸಹಿ ಹಾಕುವ ಮುನ್ನ ಒಂದೆರಡು ನಿಮಿಷ ಬಿಡುತ್ತಾರೆ. ಅಷ್ಟರಲ್ಲಿ ಅಭ್ಯರ್ಥಿ, ಅವರಿಲ್ಲದಿದ್ದರೆ ಅವರ ಚುನಾವಣಾ ಏಜೆಂಟ್ ಅಥವಾ ಎಣಿಕೆ ಏಜೆಂಟ್ ಕಾರಣ ಸಹಿತ ಲಿಖಿತ ಅರ್ಜಿ ಕೊಡಬೇಕು, ಸಹಿ ಬಿದ್ದ ಮೇಲೆ ಆ ಬಾಗಿಲು ಮುಚ್ಚಿತು. "ಅನುಮಾನ ಐತ್ರಿ" ಅಂದರೆ ನಡೆಯುವುದಿಲ್ಲ, ಬೂತ್ ಸಂಖ್ಯೆ, 17-ಸಿ ಅಂಕಿ, ಮೆಷಿನ್ ತೋರಿಸಿದ ಅಂಕಿ ಅರ್ಜಿಯಲ್ಲಿರಬೇಕು. ಅರ್ಜಿಯ ಉಳಿದ ಸಾಲುಗಳನ್ನೆಲ್ಲ ಹಿಂದಿನ ದಿನವೇ ಟೈಪ್ ಮಾಡಿಸಿ, ಈ ಮೂರಕ್ಕೆ ಮಾತ್ರ ಜಾಗ ಬಿಟ್ಟುಕೊಂಡು ಹೋಗಿ. ಆಮೇಲೆ ಉಳಿಯುವುದು 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ. ರಾಜ್ಯದ 15 ಕ್ಷೇತ್ರಗಳಲ್ಲಿ 2019ರ ಡಿಸೆಂಬರಿನಲ್ಲೇ ಉಪಚುನಾವಣೆ ಆದಾಗ ಮಸ್ಕಿ ಹೊರಗುಳಿದಿದ್ದು ಅಂಥದೇ ಅರ್ಜಿಯೊಂದು ಬಾಕಿ ಇದ್ದುದರಿಂದ.