ಎಡಕ್ಕೆ ವಾಲಿದ ಹೆಲಿಕಾಪ್ಟರ್

ಪ್ಲಾಸ್ಟಿಕ್ ಮಾಡೆಲ್ ಮಾಡುವುದು ನನ್ನ ಹಳೇ ಚಟ. ಹೋದ ತಿಂಗಳು ಕೈ ಹಾಕಿದ್ದು ಮಿ-25 ಹೆಲಿಕಾಪ್ಟರ್‌ಗೆ. ಗೇಣುದ್ದದ್ದು. ಅಂಟು ಒಣಗಿದ ಮೇಲೆ ಮೇಜಿನ ಮೇಲೆ ನಿಲ್ಲಿಸಿದರೆ ಒಂಚೂರು ಎಡಕ್ಕೆ ವಾಲಿತ್ತು. "ಅಪ್ಪಾ, ಇದು ಕುಂಟು" ಅಂದಳು ಮಗಳು. ನನಗೂ ತಡೆಯಲಿಲ್ಲ. ಬಲಗಡೆ ಚಕ್ರದ ಕಾಲನ್ನು ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಸಮ ಮಾಡಿದೆ.

ಬಣ್ಣ ಬಳಿಯೋಣ ಅಂತ ನಮ್ಮ ವಾಯುಪಡೆಯ ಹಳೇ ಫೋಟೋಗಳನ್ನು ಹುಡುಕಿದಾಗ ಗೊತ್ತಾಯಿತು, ನಿಜವಾದ ಮಿ-25 ಕೂಡ ನಿಂತಾಗ ಎಡಕ್ಕೇ ವಾಲುತ್ತೆ! ಬಾಲದ ರೋಟರ್, ಅಂದರೆ ಫ್ಯಾನು, ತಿರುಗುವಾಗ ಇಡೀ ಹೆಲಿಕಾಪ್ಟರನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಎದುರಾಗಿ ಮೇಲಿನ ದೊಡ್ಡ ರೋಟರನ್ನು 2.5 ಡಿಗ್ರಿ ಬಲಕ್ಕೆ ಬಾಗಿಸಿ ಕೂರಿಸಿದ್ದಾರೆ. ನೆಲದ ಮೇಲೆ ಆ ರೋಟರ್ ಮಟ್ಟವಾಗಿರಬೇಕು ಅಂದರೆ ಮೈ ಎಡಕ್ಕೆ ವಾಲಲೇಬೇಕು. ಸರಿಯಿದ್ದದ್ದನ್ನು ನಾನೇ ಕೆಡಿಸಿದ್ದೆ.

ಆ ಫೋಟೋಗಳ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ವಾಯುಪಡೆಯ ಒಂದು ತುಕಡಿ, 125ನೇ ಹೆಲಿಕಾಪ್ಟರ್ ಸ್ಕ್ವಾಡ್ರನ್. ಅಡ್ಡಹೆಸರು ಗ್ಲಾಡಿಯೇಟರ್ಸ್. 1983ರಲ್ಲಿ ಶುರುವಾಗಿದ್ದು. ಅದಕ್ಕೂ ಮೊದಲು ನಮ್ಮಲ್ಲಿ ಬೇರೆ ಕೆಲಸದ ಹೆಲಿಕಾಪ್ಟರ್‌ಗಳಿಗೇ ಆಯುಧ ಕಟ್ಟಿ ಕಳಿಸುತ್ತಿದ್ದರು. ದಾಳಿಗೆಂದೇ ಮಾಡಿದ್ದು ಅಂತ ಬಂದದ್ದು ರಷ್ಯಾದ ಈ ಮಿ-25. ಮುಂದೆ ಗನ್ನರ್, ಅವನ ಹಿಂದೆ ಸ್ವಲ್ಪ ಎತ್ತರದಲ್ಲಿ ಪೈಲಟ್, ಹೊಟ್ಟೆಯೊಳಗೆ ಎಂಟು ಸೈನಿಕರಿಗೆ ಜಾಗ. ದಾಳಿ ಹೆಲಿಕಾಪ್ಟರೂ ಹೌದು, ಮಿನಿಬಸ್ಸೂ ಹೌದು.

1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಮಿ-25ಗಳೂ ಶ್ರೀಲಂಕಾಕ್ಕೆ ಹೋದವು. ಟ್ಯಾಂಕ್ ಒಡೆಯಲು ಮಾಡಿದ ಯಂತ್ರ, ಎದುರಿಗಿದ್ದ ಎಲ್‌ಟಿಟಿಇ ಹತ್ತಿರ ಟ್ಯಾಂಕೇ ಇರಲಿಲ್ಲ! ರಾಕೆಟ್ಟು, ಮೆಷಿನ್ ಗನ್ನುಗಳದ್ದೇ ಜಾಸ್ತಿ ಕೆಲಸ.

ಕಾರ್ಗಿಲ್‌ನಲ್ಲಿ ಮಾತ್ರ ಈ ಜಾತಿ ಕೈಕೊಟ್ಟಿತು. ಮಿ-35 ಅಂತ ಸುಧಾರಿಸಿದ್ದು ಬಂದಿದ್ದರೂ, ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಅಷ್ಟು ಭಾರ ಹೊತ್ತು ಕಾದಾಡುವುದು ಆಗದ ಮಾತು. ಸಾಗಣೆಯ ಮಿ-17ಗಳಿಗೇ ರಾಕೆಟ್ ಕಟ್ಟಿ ಕಳಿಸಿದರು. 1999ರ ಮೇ 28ರಂದು ಅವುಗಳಲ್ಲಿ ಒಂದನ್ನು ಕ್ಷಿಪಣಿ ಹೊಡೆದು ಬೀಳಿಸಿತು, ಒಳಗಿದ್ದ ನಾಲ್ವರೂ ಹೋದರು. ಅಂಥ ಎತ್ತರದಲ್ಲೂ ಕಾದಾಡಲಿ ಅಂತಲೇ ಬೆಂಗಳೂರಿನ ಎಚ್‌ಎಎಲ್ ಮಾಡಿದ ಪ್ರಚಂಡ್ ದಾಳಿ ಹೆಲಿಕಾಪ್ಟರ್‌ನ ಬೇರು ಇರುವುದು ಅಲ್ಲೇ.

ಇನ್ನೊಂದು ವಿಚಿತ್ರ. ಈ ಸ್ಕ್ವಾಡ್ರನ್ ಹೆಲಿಕಾಪ್ಟರ್‌ಗಳು ಹಾರಬೇಕಾದದ್ದು ಭೂಸೇನೆ ಹೇಳಿದ ಕಡೆ. ಪೈಲಟ್, ಮೆಕ್ಯಾನಿಕ್, ಲೆಕ್ಕಪತ್ರ ಎಲ್ಲ ವಾಯುಪಡೆಯದ್ದು. ಸಂಬಳ ಒಬ್ಬರದು, ಹುಕುಂ ಇನ್ನೊಬ್ಬರದು. ನಮಗೂ ಬೇಕು ಅಂತ ಸೇನೆ ವರ್ಷಗಟ್ಟಲೆ ಹಟ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಅದರ ಸ್ವಂತ ಅಪಾಚೆಗಳಲ್ಲಿ (ಅಮೆರಿಕದ ದಾಳಿ ಹೆಲಿಕಾಪ್ಟರ್) ಮೊದಲ ಮೂರು ಬಂದದ್ದು 2025ರ ಜುಲೈನಲ್ಲಿ.

ಗ್ಲಾಡಿಯೇಟರ್ಸ್‌ಗೆ ಅಪಾಚೆ ಅದಕ್ಕೂ ಮುಂಚೆಯೇ ಸಿಕ್ಕಿತ್ತು. 2015ರಲ್ಲಿ 22ಕ್ಕೆ ಒಪ್ಪಂದ ಆಗಿತ್ತು. 2019ರ ಸೆಪ್ಟೆಂಬರ್ 3ರಂದು ಪಠಾಣ್‌ಕೋಟ್‌ನಲ್ಲಿ ಎಂಟು ಅಪಾಚೆಗಳು ನೀರಿನ ಸೆಲ್ಯೂಟ್ ಪಡೆದು ಸ್ಕ್ವಾಡ್ರನ್‌ಗೆ ಸೇರಿದವು. ಗನ್ನರ್ ಮುಂದೆ, ಪೈಲಟ್ ಹಿಂದೆ, ಅದು ಹಾಗೇ ಉಳಿಯಿತು. ಸೈನಿಕರ ಕೋಣೆ ಹೋಯಿತು. ಬದಲಿಗೆ ಹೆಲ್ಮೆಟ್ ಹಾಕಿದವನು ಕತ್ತು ಹೊರಳಿಸಿದ ಕಡೆಗೆ ತಾನೂ ಹೊರಳುವ 30 ಮಿಮೀ ಗನ್ನು ಬಂತು. ಯಂತ್ರವಾಗಿ ಅಪಾಚೆಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೂ ನೋಡೋಕೆ ನನಗೆ ಆ ಗುಂಡು ಗುಂಡು ಗಾಜಿನ ಹಳೇ ಮುದುಕನೇ ಇಷ್ಟ.

ನನ್ನ ಮಾಡೆಲ್‌ನ ಬಲ ಚಕ್ರದ ಕೆಳಗೆ ಈಗ ಮಡಚಿದ ಬಸ್ ಟಿಕೆಟ್ ಇಟ್ಟಿದ್ದೇನೆ. ಸರಿಯಾಗಿ ವಾಲಿದೆ. ಮಗಳು ನಂಬುತ್ತಿಲ್ಲ.